ಮಂಡ್ಯ ಪಟ್ಟಣದ ಮನೆಗಳೂ ನಿವಾಸಿಗಳೂ

ಊರಿನ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ಶಾಸನಗಳನ್ನೂ ದೇವಾಲಯಗಳನ್ನೂ ಕೋಟೆಕೊತ್ತಲಗಳನ್ನೂ ಆಶ್ರಯಿಸುವುದುಂಟು. ಅವು ಕಲ್ಲಿನಿಂದ ಆದವುಗಳಾದ ಕಾರಣ ನಮ್ಮ ಕಾಲದವರೆಗೆ ಉಳಿದುಬಂದಿರುತ್ತವೆ. ಜನರು ವಾಸಮಾಡಿದ ಮನೆಗಳಾದರೋ ಮಣ್ಣಿನಿಂದಲೂ ಮರದಿಂದಲೂ ಆದವು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಗೋಡೆ ಬೀಳುವುದು, ತೊಲೆ ಹುಳುತಿನ್ನುವುದು, ಅಣ್ಣತಮ್ಮಂದಿರು ಪಾಲಾಗಿ ಪಡಸಾಲೆಯ ನಡುವೆ ಅಡ್ಡಗೋಡೆ ಏಳುವುದು. ಆದುದರಿಂದ ಯಾರು ಎಲ್ಲಿಂದ ಬಂದು ಯಾವ ಬೀದಿಯಲ್ಲಿ ನೆಲಸಿದರು, ಯಾವ ಕಾರಣದಿಂದ ಬಿಟ್ಟುಹೋದರು ಎಂಬ ವಿಚಾರವು ಚರಿತ್ರಕಾರರ ದೃಷ್ಟಿಗೆ ಬೀಳುವುದು ಅಪರೂಪ. ಹಾಗೆಂದು ಅದು ಅಲ್ಪವಾದ ವಿಚಾರವೇನೂ ಅಲ್ಲ. ಮಂಡ್ಯ ಪಟ್ಟಣದಲ್ಲಿ ನಾಲ್ಕು ದಶಕಗಳಷ್ಟು ಕಾಲ ಉಪಾಧ್ಯಾಯವೃತ್ತಿಯನ್ನೂ ಗೃಹಸ್ಥಧರ್ಮವನ್ನೂ ನಡೆಯಿಸಿದ ನಾನು, ಬಾಡಿಗೆಗಾರನಾಗಿಯೂ ಮನೆಯೊಡೆಯನಾಗಿಯೂ ಕಂಡುದನ್ನು ಇತಿಹಾಸದೊಡನೆ ಸೇರಿಸಿ ವಾಚಕರ ಮುಂದೆ ಇಡಲು ಯಥಾಮತಿ ಪ್ರಯತ್ನಿಸಿರುವೆನು.

ಮಂಡ್ಯವು ಮಾಂಡವ್ಯ ಮಹರ್ಷಿಗಳ ತಪೋಭೂಮಿಯೆಂಬುದು ಸ್ಥಳಪುರಾಣ. ಪುರಾಣವನ್ನು ಹಾಗಿರಿಸಿ ಇತಿಹಾಸಕ್ಕೆ ಬಂದರೆ, 16ನೆಯ ಶತಮಾನದ ಆದಿಭಾಗದಲ್ಲಿ ವಿಜಯನಗರದ ಕೃಷ್ಣದೇವರಾಯನು ಈ ಊರನ್ನು ಶ್ರೀವೈಷ್ಣವ ಆಚಾರ್ಯಕುಲದವರಿಗೆ ಅಗ್ರಹಾರವಾಗಿ ಕೊಟ್ಟನೆಂಬ ಪ್ರತೀತಿಯು ಬಲವಾಗಿದೆ. ಲಕ್ಷ್ಮೀಜನಾರ್ದನಸ್ವಾಮಿಯ ಗುಡಿಯ ಸುತ್ತಣ ಬೀದಿಗಳು ಆ ಕಾಲದ ನೆನಪನ್ನು ಇಂದಿಗೂ ಕೊಡುತ್ತವೆ. ಆ ಅಗ್ರಹಾರದ ಕುಟುಂಬಗಳು ಕಾಲಾಂತರದಲ್ಲಿ ಮೈಸೂರು, ಬೆಂಗಳೂರು, ಮದರಾಸುಗಳಿಗೆ ಚದರಿಹೋದರೂ 'ಮಂಡಯಂ' ಎಂಬ ಹೆಸರನ್ನು ತಮ್ಮೊಡನೆ ಕೊಂಡೊಯ್ದುವು. ವಿವೇಕಾನಂದ ಸ್ವಾಮಿಗಳ ಮದರಾಸಿನ ಶಿಷ್ಯರಲ್ಲಿ ಅಗ್ರಗಣ್ಯರಾದ ಅಳಸಿಂಗ ಪೆರುಮಾಳರು ಈ ಮಂಡಯಂ ವಂಶದವರೇ. ಹೀಗೆ ಊರನ್ನು ಬಿಟ್ಟವರು ಊರಿನ ಹೆಸರನ್ನು ಬಿಡಲಿಲ್ಲ. ಮಂಡ್ಯದಿಂದ ಜನರು ವಲಸೆಹೋಗುವುದು ನಮ್ಮ ಕಾಲದ ಹೊಸ ವಿಪತ್ತೆಂದು ನಿಟ್ಟುಸಿರು ಬಿಡುವವರು ಇದನ್ನು ಸ್ಮರಿಸಬೇಕು.

ಹಾಗಾದರೂ ಹೊಗೆಬಂಡಿ ಬರುವವರೆಗೆ ಮಂಡ್ಯವು ಒಂದು ದೊಡ್ಡ ಹಳ್ಳಿಯೇ ಆಗಿದ್ದಿತು. ಗುತ್ತಲು, ಕಲ್ಲಹಳ್ಳಿ, ಹೊಸಹಳ್ಳಿ, ಚಿಕ್ಕಮಂಡ್ಯ, ಸ್ವರ್ಣಸಂದ್ರ, ಕ್ಯಾತುಂಗೆರೆ ಮುಂತಾಗಿ ಇಂದು ನಾವು ಪಟ್ಟಣದ ಬಡಾವಣೆಗಳೆಂದು ಎಣಿಸುವ ಸ್ಥಳಗಳು ಬೇರೆ ಬೇರೆ ಗ್ರಾಮಗಳಾಗಿದ್ದುವು. ಅವುಗಳ ನಡುವೆ ರಾಗಿ ಹುರುಳಿ ಬೆಳೆಯುವ ಬೆದ್ದಲು ಹೊಲಗಳು, ಅಲ್ಲಲ್ಲಿ ಕೆರೆಯ ಕೆಳಗಣ ಗದ್ದೆ. ಮನೆಗಳೆಲ್ಲ ಮಣ್ಣಿನ ಗೋಡೆ, ಕೈಹೆಂಚು ಅಥವಾ ಹುಲ್ಲಿನ ಮಾಡು. ಉಳ್ಳವರದು ತೊಟ್ಟಿಮನೆ, ಮುಂದೆ ಜಗಲಿ, ಒಳಗೆ ನಡುಮನೆ, ಒಂದು ಪಕ್ಕಕ್ಕೆ ದನದ ಕೊಟ್ಟಿಗೆ, ಹಿಂದೆ ಹಿತ್ತಿಲು. ಮನೆಯನ್ನು ಮಾರುವುದೆಂಬುದೇ ಅಪಶಕುನದ ಮಾತು. ಬಾಡಿಗೆಗೆ ಕೊಡುವ ಪದ್ಧತಿಯು ಹಳ್ಳಿಗರಿಗೆ ಅಷ್ಟಾಗಿ ತಿಳಿಯದು. ಬಂದ ನೆಂಟನಿಗೆ ಪಡಸಾಲೆ, ದಾರಿಹೋಕನಿಗೆ ಜಗಲಿ, ಇಷ್ಟರಲ್ಲಿಯೇ ವ್ಯವಹಾರವು ಮುಗಿಯುತ್ತಿದ್ದಿತು.

ಹಾಗೆಂದು ನಮ್ಮ ಪೂರ್ವಿಕರಿಗೆ ಈ ವ್ಯವಹಾರವು ಅಪರಿಚಿತವಾಗಿದ್ದಿತೆಂದು ತಿಳಿಯಬಾರದು. ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡುಹಿಡಿದು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ವಾಸ್ತುವ್ಯವಹಾರದ ವಿಚಾರವಿದೆ. ಮನೆಯನ್ನು ಮಾರುವವನು ನೆರೆಹೊರೆಯ ಕುಟುಂಬಗಳ ಎದುರಿನಲ್ಲಿ ಆ ಮನೆಯ ಮುಂದೆಯೇ ನಿಂತು ಬೆಲೆಯನ್ನು ಮೂರು ಸಲ ಕೂಗಿ ಹೇಳಬೇಕು; ಕೊಳ್ಳುವ ಹಕ್ಕು ಮೊದಲು ಜ್ಞಾತಿಗಳಿಗೆ, ತರುವಾಯ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟವರಿಗೆ ಎಂದು ಅಲ್ಲಿ ವಿಧಿಸಿದೆ. ಬಾಡಿಗೆಗೆ ಅಲ್ಲಿ 'ಅವಕ್ರಯ'ವೆಂದು ಹೆಸರು. ನಮ್ಮಲ್ಲಿ ಇಂದಿಗೂ ನಡೆಯುವ 'ಭೋಗ್ಯ'ದ ಪದ್ಧತಿಯೂ, ಎಂದರೆ ಒಂದು ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ವಾಸಮಾಡಿ ಅವಧಿ ತೀರಿದ ಮೇಲೆ ಹಣವನ್ನು ಹಿಂದಕ್ಕೆ ಪಡೆಯುವ ಕ್ರಮವೂ ಹೊಸದಲ್ಲ. ಸ್ಮೃತಿಕಾರರು ಒತ್ತೆಯನ್ನು ಗೋಪ್ಯಾಧಿ, ಭೋಗ್ಯಾಧಿ ಎಂದು ವಿಭಾಗಿಸಿದರು; ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಅದನ್ನು ವಿವರಿಸಿದನು. ಮಂಡ್ಯದ ಗುಮಾಸ್ತನೊಬ್ಬನು ಇಂದು 'ಮನೆ ಭೋಗ್ಯಕ್ಕೆ ಹಾಕಿಕೊಂಡೆ' ಎಂದು ಹೇಳುವಾಗ, ತಾನು ಒಂದು ಸಾವಿರ ವರ್ಷಕ್ಕೂ ಹಳೆಯದಾದ ಶಬ್ದವನ್ನು ಉಚ್ಚರಿಸುತ್ತಿರುವೆನೆಂಬುದನ್ನು ಅರಿಯನು.

ಈಗ ಪ್ರಕೃತಕ್ಕೆ ಬರೋಣ. 1876 ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಕ್ಷಾಮವು ಹಿಂಡಿತು. ಆ ಕ್ಷಾಮದ ಪರಿಹಾರಾರ್ಥವಾಗಿ ಹಸಿದವರಿಗೆ ಕೆಲಸ ಕೊಡಿಸಿದ ಕಾರ್ಯಗಳಲ್ಲಿ ಬೆಂಗಳೂರು ಮೈಸೂರು ರೈಲುದಾರಿಯೂ ಒಂದು. 1881 ಮತ್ತು 1882ನೆಯ ಇಸವಿಗಳಲ್ಲಿ ಆ ದಾರಿಯು ಮದ್ದೂರು ಮಂಡ್ಯಗಳನ್ನು ಹಾದು ಮೈಸೂರನ್ನು ಮುಟ್ಟಿತು. ಮಳವಳ್ಳಿಯು ದಾರಿಯಿಂದ ದೂರಕ್ಕೆ ಉಳಿಯಿತು. ಹೀಗೆ ಒಂದು ಕಬ್ಬಿಣದ ಗೆರೆಯು ನಮ್ಮ ಮೂರು ಊರುಗಳ ಭಾಗ್ಯವನ್ನು ಬೇರೆ ಬೇರೆಯಾಗಿ ಬರೆದಿತೆಂದರೆ ತಪ್ಪಾಗಲಾರದು. ರೈಲ್ವೆ ನಿಲ್ದಾಣದ ಕಡೆಗೆ ಮಂಡಿಗಳೂ ಕಾಫಿ ಹೋಟಲುಗಳೂ ಬಂದುವು, ವರ್ತಕರು ಬಂದರು, ಕರಾವಳಿಯಿಂದ ಮಂಗಳೂರು ಹೆಂಚು ಬಂದಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ದಕ್ಷಿಣದೇಶದ ಊರುಗಳ ಮಾಡುಗಳೇ ಕೆಂಪಾದುವಷ್ಟೆ. ಪೇಟೆಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ ಎಂಬ ಮಾದರಿಯು ರೂಢಿಗೆ ಬಂದಿತು.

ಆದರೆ ಮಂಡ್ಯವನ್ನು ಪಟ್ಟಣವಾಗಿ ಮಾಡಿದ್ದು ರೈಲಿಗಿಂತಲೂ ನೀರು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕೃಷ್ಣರಾಜಸಾಗರದ ಕಟ್ಟೆಯು, ಮದರಾಸು ಸರ್ಕಾರದೊಡನೆ 1924ರಲ್ಲಿ ಒಪ್ಪಂದವಾದ ತರುವಾಯ ಪೂರ್ಣಸ್ವರೂಪಕ್ಕೆ ಬಂದಿತು. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಸುರಂಗದೊಳಗಿನಿಂದ ನಾಲೆಯನ್ನು ತಂದರು. ಆಗಿನ ವೈಸರಾಯರ ಹೆಸರಿನಿಂದ ಇರ್ವಿನ್ ನಾಲೆಯೆಂದು ಕರೆಯಿಸಿಕೊಂಡ ಅದು ಈಗ ವಿಶ್ವೇಶ್ವರಯ್ಯ ನಾಲೆ. ಬೆದ್ದಲು ಭೂಮಿಯು ಗದ್ದೆಯಾಯಿತು. ರಾಗಿಯ ಹೊಲದಲ್ಲಿ ಕಬ್ಬು ನಿಂತಿತು. ಕೃಷಿ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಲೆಸ್ಲಿ ಕೋಲ್ಮನ್ನರ ಪರಿಶ್ರಮ, ದಿವಾನ್ ಮಿರ್ಜಾ ಇಸ್ಮಾಯಿಲರ ಪ್ರೋತ್ಸಾಹ, ಇವುಗಳ ಫಲವಾಗಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಗಿ ಮರುವರ್ಷವೇ ಕಬ್ಬನ್ನು ಅರೆಯತೊಡಗಿತು. ಯಂತ್ರವನ್ನು ಬಲ್ಲವರೂ ಗುಮಾಸ್ತರೂ ಕೂಲಿಕಾರರೂ ನಾನಾ ಕಡೆಗಳಿಂದ ಬಂದು ನೆರೆದರು. ತಮಿಳು ನುಡಿಯುವ ದುಡಿಮೆಗಾರರು ಬಂದು ತಮ್ಮ ಕೇರಿಯನ್ನು ಕಟ್ಟಿಕೊಂಡರು. ಕಾರ್ಖಾನೆಯ ಬಳಿಯ ವಸತಿಗೆ ಶುಗರ್ ಟೌನ್ ಎಂಬ ಹೆಸರೇ ನಿಂತುಹೋಯಿತು. ನಾಲೆಯ ಬೆನ್ನಿನಲ್ಲಿಯೇ ಚಳಿಜ್ವರವೂ ಬಂದಿತು; ಹೊಸ ನೀರಿಗೆ ಹೊಸ ಮನೆಗಳು ಕೊಟ್ಟ ಮೊದಲ ತೆರಿಗೆ ಅದು.

1939ನೆಯ ಇಸವಿ ಜುಲೈ 1ನೆಯ ತಾರೀಖು ಮೈಸೂರು ಜಿಲ್ಲೆಯಿಂದ ಏಳು ತಾಲ್ಲೂಕುಗಳನ್ನು ಬೇರ್ಪಡಿಸಿ ಮಂಡ್ಯ ಜಿಲ್ಲೆಯನ್ನು ನಿರ್ಮಿಸಿದರು. ಜಿಲ್ಲಾ ಕಚೇರಿ, ನ್ಯಾಯಸ್ಥಾನ, ಖಜಾನೆ, ಪೊಲೀಸು, ವಿದ್ಯಾ ಇಲಾಖೆ ಇವೆಲ್ಲವೂ ಬಂದುವು. ಇವುಗಳೊಡನೆ ವರ್ಗವಾಗಿ ಬರುವ, ವರ್ಗವಾಗಿ ಹೋಗುವ ನೌಕರನೂ ಬಂದನು. ಮಂಡ್ಯದಲ್ಲಿ ಬಾಡಿಗೆಯ ಮನೆಗೆ ನಿಜವಾದ ಗಿರಾಕಿಯನ್ನು ಸೃಷ್ಟಿಸಿದವನು ಈ ನೌಕರನೇ. ಅವನಿಗೆ ಹೊಲವಿಲ್ಲ, ದನವಿಲ್ಲ. ಕೊಟ್ಟಿಗೆಯೂ ಹಿತ್ತಿಲೂ ಬೇಡ. ಅವನಿಗೆ ಬೇಕಾದುದು ಒಂದು ಕೊಠಡಿ, ಒಂದು ಅಡಿಗೆಮನೆ, ಮಕ್ಕಳಿಗೆ ಹತ್ತಿರದಲ್ಲಿ ಶಾಲೆ. ಇದಕ್ಕೆ ಉತ್ತರವಾಗಿ ಹುಟ್ಟಿದ್ದು ವಠಾರ. ಹಳೆಯ ತೊಟ್ಟಿಮನೆಯ ನಾಲ್ಕು ದಿಕ್ಕಿಗೆ ನಾಲ್ಕು ಸಂಸಾರಗಳನ್ನು ಇಟ್ಟು, ದನದ ಕೊಟ್ಟಿಗೆಗೆ ಸುಣ್ಣ ಹೊಡೆದು ಐದನೆಯ ಸಂಸಾರವನ್ನು ಕೂರಿಸಿದ ಮನೆಯೊಡೆಯರು ಉಂಟು.

ಸ್ವಾತಂತ್ರ್ಯದ ತರುವಾಯ ವಿದ್ಯೆಯ ಆಕರ್ಷಣೆಯು ಸೇರಿತು. 1948ರಲ್ಲಿ ಸರ್ಕಾರಿ ಕಾಲೇಜೂ, 1962ರಲ್ಲಿ ಕೆ.ವಿ. ಶಂಕರಗೌಡರ ನೇತೃತ್ವದಲ್ಲಿ ಜನತಾ ಶಿಕ್ಷಣ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜೂ ಆರಂಭವಾದುವು. ಹಳ್ಳಿಯ ರೈತನು ಮಗನ ಓದಿಗಾಗಿ ಪಟ್ಟಣದಲ್ಲಿ ಒಂದು ಮನೆ ಮಾಡಿದನು. ಅಜ್ಜಿಯೊಬ್ಬಳು ಅಡಿಗೆಗೆ ಬಂದು ನಿಂತಳು. ವಾರಕ್ಕೊಮ್ಮೆ ಹಳ್ಳಿಯಿಂದ ರಾಗಿ, ಅವರೆಕಾಯಿ, ಬೆಲ್ಲ ಬರುತ್ತಿದ್ದುವು. ಮಗನು ಓದಿ ನೌಕರಿ ಹಿಡಿದ ಮೇಲೆ ಆ ಬಾಡಿಗೆಮನೆಯೇ ಸ್ವಂತಮನೆಯ ಆಸೆಗೆ ಬೀಜವಾಯಿತು. ಕಬ್ಬಿನ ಬೆಳೆಯ ಸ್ವಭಾವವೂ ಇದಕ್ಕೆ ಅನುಕೂಲವಾಗಿದ್ದಿತು. ತರಕಾರಿಯ ಹಣ ದಿನದಿನಕ್ಕೆ ಬಂದು ದಿನದಿನಕ್ಕೆ ಕರಗುವುದು. ಕಬ್ಬಿನ ಹಣವಾದರೋ ವರ್ಷಕ್ಕೊಮ್ಮೆ ಗಂಟಾಗಿ ಬರುವುದು. ಗಂಟಾಗಿ ಬಂದ ಹಣವು ಮದುವೆಯಾಗುವುದು ಅಥವಾ ಮನೆಯಾಗುವುದು.

ಈ ಕಾಲವನ್ನು ಕುರಿತು ಒಂದು ಅಮೂಲ್ಯವಾದ ಸಾಕ್ಷ್ಯವುಂಟು. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿಯು 1954 ರಿಂದ 1956ರವರೆಗೆ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ವಾಸಮಾಡಿ, ಅವುಗಳಿಗೆ ವಂಗಲ, ದಲೇನ ಎಂದು ಕಲ್ಪಿತ ನಾಮಗಳನ್ನಿಟ್ಟು, 1962ರಲ್ಲಿ ಗ್ರಂಥವನ್ನು ಪ್ರಕಟಿಸಿದಳು. ಒಂದು ಹಳ್ಳಿಗೆ ನಾಲೆಯ ನೀರು ಬಂದಿತು, ಇನ್ನೊಂದರ ಭೂಮಿಯು ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿಯಿತು. ನೀರು ಬಂದ ಹಳ್ಳಿಯು ಸಮೃದ್ಧವಾದರೂ ಹಳೆಯ ಕಟ್ಟುಪಾಡುಗಳಲ್ಲಿಯೇ ನಿಂತಿತು. ನೀರು ಬಾರದ ಹಳ್ಳಿಯವರು ಪಟ್ಟಣಕ್ಕೆ ಬಂದು ನೌಕರಿ, ಗಾಡಿ, ವ್ಯಾಪಾರಗಳನ್ನು ಹಿಡಿದು ಬದಲಾದರು. ಎಂದರೆ, ಮಂಡ್ಯದ ಬೀದಿಗಳನ್ನು ತುಂಬಿಸಿದವರಲ್ಲಿ ನೀರು ಕಂಡವರು ಮಾತ್ರವಲ್ಲ, ನೀರಿನ ಪಕ್ಕದಲ್ಲಿದ್ದೂ ನೀರು ದೊರೆಯದವರೂ ಇದ್ದರೆಂಬುದು ಆ ಗ್ರಂಥದಿಂದ ವಿಶದವಾಗುವುದು. ವಲಸೆಯ ಕಾರಣವನ್ನು ಬಡತನವೊಂದರಲ್ಲಿಯೋ ಸಿರಿಯೊಂದರಲ್ಲಿಯೋ ಹುಡುಕುವವರಿಗೆ ಇದು ಒಳ್ಳೆಯ ಪಾಠ.

ಬಾಡಿಗೆಯ ವ್ಯವಹಾರವು ಬೆಳೆದಂತೆ ವ್ಯಾಜ್ಯಗಳೂ ಬೆಳೆದುವು. 1961ರಲ್ಲಿ ಬಾಡಿಗೆ ನಿಯಂತ್ರಣದ ಕಾಯಿದೆಯು ಬಂದಿತು. ಬಾಡಿಗೆಗಾರನನ್ನು ಮನಬಂದಂತೆ ಎಬ್ಬಿಸಕೂಡದು, ಬಾಡಿಗೆಯನ್ನು ಮನಬಂದಂತೆ ಏರಿಸಕೂಡದು ಎಂಬ ಅದರ ಉದ್ದೇಶವು ಧರ್ಮ್ಯವಾದುದೇ. ಆದರೆ ಒಮ್ಮೆ ಒಳಗೆ ಬಂದವನು ಹೊರಗೆ ಹೋಗುವನೋ ಇಲ್ಲವೋ ಎಂಬ ಭಯದಿಂದ ಅನೇಕರು ಮನೆಗೆ ಬೀಗ ಹಾಕಿ ಇಡುವುದೇ ಕ್ಷೇಮವೆಂದು ಬಗೆದರು. ಆ ಕಾಯಿದೆಯು 2001ನೆಯ ಇಸವಿಯ ಕೊನೆಯ ದಿನ ತೆರವಾಗಿ 1999ರ ಬಾಡಿಗೆ ಕಾಯಿದೆಯು ಅದರ ಸ್ಥಾನಕ್ಕೆ ಬಂದಿತು. ಕಾಯಿದೆಯು ಹೋದರೂ ಭಯವು ಹೋಗಲಿಲ್ಲ. 11 ತಿಂಗಳಿಗೆ ಕರಾರುಪತ್ರ, ಹತ್ತು ತಿಂಗಳ ಬಾಡಿಗೆಯಷ್ಟು ಮುಂಗಡ ಎಂಬ ರೂಢಿಗಳೆಲ್ಲ ಆ ಭಯದ ಮಕ್ಕಳೇ.

ವಠಾರದ ಯುಗವು ಮುಗಿದು ಬಡಾವಣೆಯ ಯುಗವು ಆರಂಭವಾದುದನ್ನು ನಾನು ಕಣ್ಣಾರೆ ಕಂಡವನು. 1962ರ ಕಾಯಿದೆಯಿಂದ ನಡೆದುಬಂದ ಗೃಹಮಂಡಳಿಯೂ, 1987ರ ಕಾಯಿದೆಯ ಮೇರೆಗೆ ಏರ್ಪಟ್ಟ ನಗರಾಭಿವೃದ್ಧಿ ಪ್ರಾಧಿಕಾರವೂ, ಇವುಗಳಿಗಿಂತ ಹೆಚ್ಚಾಗಿ ಖಾಸಗಿಯವರೂ ನಿವೇಶನಗಳನ್ನು ವಿಂಗಡಿಸಿದರು. 'ಮೂವತ್ತು ನಲವತ್ತು' ಎಂಬ ಸಂಖ್ಯೆಯು ಮಧ್ಯಮವರ್ಗದ ಜಪಮಂತ್ರವಾಯಿತು. ಒಂದು ಎಕರೆಯಲ್ಲಿ ರಸ್ತೆಗೂ ಉದ್ಯಾನಕ್ಕೂ ಬಿಡಬೇಕಾದುದನ್ನು ಬಿಟ್ಟು ಎಣಿಸಿದರೆ ಅಂತಹ ನಿವೇಶನಗಳು ಸುಮಾರು 20 ಆಗುವುವು. ಒಂದು ಎಕರೆಯ ಕಬ್ಬಿಗೂ 20 ನಿವೇಶನಗಳಿಗೂ ತೂಕವನ್ನು ನೋಡಿದ ರೈತನು ಯಾವ ಕಡೆಗೆ ವಾಲುವನೆಂಬುದನ್ನು ಹೇಳಬೇಕಾಗಿಲ್ಲ. ಯಾವ ನೀರಿಗಾಗಿ ಗುಡ್ಡವನ್ನೇ ಕೊರೆದು ನಾಲೆಯನ್ನು ತಂದರೋ, ಆ ನೀರು ಉಣ್ಣುವ ಗದ್ದೆಯ ಮೇಲೆಯೇ ಮನೆಗಳು ಎದ್ದುವು. ಗದ್ದೆಯ ಮಣ್ಣಿನ ಮೇಲೆ ಅಡಿಪಾಯ ಹಾಕಿದವರು ಗೋಡೆಗಳಲ್ಲಿ ತೇವವೇರುವುದನ್ನು ಕಂಡು ಕಾರಣವನ್ನು ಮೇಸ್ತ್ರಿಯಲ್ಲಿ ಹುಡುಕುವರು, ಕಾರಣವು ನೆಲದಲ್ಲಿರುತ್ತದೆ. ವಿವೇಕಾನಂದನಗರವನ್ನು ಜನರು ಇಂದಿಗೂ 'ಕೆರೆಯಂಗಳ'ವೆಂದು ಕರೆಯುವರು. ಹೆಸರು ಸತ್ಯವನ್ನು ಮರೆಯಲೊಲ್ಲದು.

ಇನ್ನು ನೆರೆಯ ಎರಡು ಊರುಗಳ ಮಾತು. ಶಿಂಷಾನದಿಯ ದಡದ ಮದ್ದೂರು ರೈಲು, ಹೆದ್ದಾರಿ ಎರಡನ್ನೂ ಪಡೆದ ಊರು. 1938ರ ಏಪ್ರಿಲ್ಲಿನಲ್ಲಿ ಧ್ವಜಸತ್ಯಾಗ್ರಹವು ನಡೆದ ಶಿವಪುರವು ಅಲ್ಲಿಯೇ ಇದೆ. ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿಗೆ ಹಿಂದಿರುಗುವವರು ಮದ್ದೂರಿನಲ್ಲಿಯೂ ಮಂಡ್ಯದಲ್ಲಿಯೂ ಬಹುಮಂದಿ. ಇವರು ಮಲಗುವುದು ನಮ್ಮಲ್ಲಿ, ಬದುಕುವುದು ಅಲ್ಲಿ. ಮಳವಳ್ಳಿಯ ಕಥೆಯು ಬೇರೆ. 1799ರ ಮಾರ್ಚಿಯಲ್ಲಿ ಟಿಪ್ಪುಸುಲ್ತಾನನಿಗೂ ಇಂಗ್ಲಿಷರಿಗೂ ಯುದ್ಧ ನಡೆದ ಊರದು; 1902ರಲ್ಲಿ ಅದೇ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳವರೆಗೆ ಹರಿಯಿತು. ಬೆಳಕನ್ನು ದೂರಕ್ಕೆ ಕಳುಹಿಸಿದ ಆ ತಾಲ್ಲೂಕಿನ ಮುಖ್ಯಪಟ್ಟಣಕ್ಕೆ ರೈಲು ಮಾತ್ರ ಇಂದಿಗೂ ಬಂದಿಲ್ಲ. ಆದುದರಿಂದ ಅಲ್ಲಿ ವಠಾರಗಳು ಅಷ್ಟಾಗಿ ಬೆಳೆಯಲಿಲ್ಲ. ತನ್ನ ಮನೆಯಲ್ಲಿ ತಾನಿರುವ ಗೃಹಸ್ಥನೇ ಅಲ್ಲಿ ಹೆಚ್ಚು. ಹೋಗಬೇಕೆನಿಸಿದವರು ಮಂಡ್ಯಕ್ಕೆ ಬಾರದೆ ನೇರವಾಗಿ ಬೆಂಗಳೂರಿಗೋ ಮೈಸೂರಿಗೋ ಹೋಗುವರು.

2023ನೆಯ ಇಸವಿ ಮಾರ್ಚಿ 12ನೆಯ ತಾರೀಖು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಮಂತ್ರಿಗಳು 118 ಕಿಲೋಮೀಟರುಗಳ ಬೆಂಗಳೂರು ಮೈಸೂರು ಹೊಸ ಹೆದ್ದಾರಿಯನ್ನು ಉದ್ಘಾಟಿಸಿದರು. ಅದು ಮದ್ದೂರನ್ನೂ ಮಂಡ್ಯವನ್ನೂ ಹೊರಗಿನಿಂದ ಬಳಸಿ ಹೋಗುವುದು. ಹಳೆಯ ದಾರಿಯಲ್ಲಿ ವಡೆ, ಕಾಫಿ, ಎಳನೀರು ಮಾರಿ ಬದುಕಿದವರ ಗಿರಾಕಿಗಳು ಮೇಲಿನ ದಾರಿಯಲ್ಲಿ ಹಾರಿಹೋದರು. ಅದೇ ವರ್ಷದ ಆಗಸ್ಟು 1ರಿಂದ ದ್ವಿಚಕ್ರವಾಹನಗಳಿಗೂ ಆಟೋಗಳಿಗೂ ಟ್ರ್ಯಾಕ್ಟರುಗಳಿಗೂ ಆ ಹೆದ್ದಾರಿಯಲ್ಲಿ ಪ್ರವೇಶವಿಲ್ಲವಾಯಿತು. ಭೂಮಿಯನ್ನು ಬಿಟ್ಟುಕೊಟ್ಟ ರೈತನು ತನ್ನ ಟ್ರ್ಯಾಕ್ಟರನ್ನು ಪಕ್ಕದ ದಾರಿಯಲ್ಲಿ ಓಡಿಸಬೇಕು. ಮಗ್ಗುಲಿನ ಹೊಲಗಳ ಬೆಲೆಯಾದರೋ ಏರಿತು. 2020ರಲ್ಲಿ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದ ವ್ಯವಸಾಯಗಾರರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದಾಗಿದ್ದುದರಿಂದ, ಕೊಳ್ಳುವವರು ಬೆಂಗಳೂರಿನಿಂದಲೇ ಬರತೊಡಗಿದರು.

ಹೊರಗಿನಿಂದ ನೋಡಿದವರಿಗೆ ಇದೆಲ್ಲ ವೃದ್ಧಿಯೆಂದು ತೋರುವುದು. ಆದರೆ ಜನಗಣತಿಯ ಅಂಕಿಗಳು ಬೇರೆಯ ಮಾತನ್ನು ಹೇಳುತ್ತವೆ. 2001ರಲ್ಲಿ ಮಂಡ್ಯ ಪಟ್ಟಣದ ಜನಸಂಖ್ಯೆಯು ಸುಮಾರು 1,31,000. 2011ರಲ್ಲಿ ಸುಮಾರು 1,37,000. ಹತ್ತು ವರ್ಷಗಳಲ್ಲಿ ಶೇಕಡ 5ರಷ್ಟು ಮಾತ್ರ ವೃದ್ಧಿ. ಇಡೀ ಜಿಲ್ಲೆಯು 17,63,705 ರಿಂದ 18,05,769ಕ್ಕೆ ಬಂದಿತು. ಇದು ಶೇಕಡ 2ಕ್ಕೆ ಸ್ವಲ್ಪ ಮೇಲೆ. ಅದೇ ಅವಧಿಯಲ್ಲಿ ಕರ್ನಾಟಕದ ವೃದ್ಧಿಯು ಶೇಕಡ 15ಕ್ಕೂ ಹೆಚ್ಚು. ಬೆಂಗಳೂರು ನಗರ ಜಿಲ್ಲೆಯದು ಶೇಕಡ 47ರಷ್ಟು. ನಮ್ಮ ಮನೆಗಳಲ್ಲಿ ಹುಟ್ಟುವ ಮಕ್ಕಳು ಕಡಮೆಯಾದುದು ಇದಕ್ಕೆ ಒಂದು ಕಾರಣವಾದರೆ, ಹುಟ್ಟಿದ ಮಕ್ಕಳು ಇಲ್ಲಿ ನಿಲ್ಲದಿರುವುದು ಇನ್ನೊಂದು. ಮೈಸೂರಿಗೆ 45 ಕಿಲೋಮೀಟರು, ಬೆಂಗಳೂರಿಗೆ 100 ಕಿಲೋಮೀಟರು ದೂರದಲ್ಲಿರುವ ಪಟ್ಟಣವು ಎರಡು ದೊಡ್ಡ ಮರಗಳ ನೆರಳಿನಲ್ಲಿ ನೆಟ್ಟ ಗಿಡದಂತೆ. ಸಕ್ಕರೆ ಕಾರ್ಖಾನೆಯೂ ಹಲವು ಕಾಲ ನಿಂತು 2022ರಲ್ಲಿ ಪುನಃ ಆರಂಭವಾಗಬೇಕಾಯಿತು. ಮನೆಗಳು ಹೆಚ್ಚಿದುವು, ಮಹಡಿಗಳು ಎದ್ದುವು, ಅವುಗಳಲ್ಲಿ ದೀಪವಿಲ್ಲ. 2011ರ ಗಣತಿಯಲ್ಲಿ ಭಾರತದ ಸುಮಾರು 33 ಕೋಟಿ ಕಟ್ಟಡಗಳ ಪೈಕಿ ಸುಮಾರು ಎರಡೂವರೆ ಕೋಟಿಯು ಖಾಲಿಯಾಗಿದ್ದುವು. ಆ ಎರಡೂವರೆ ಕೋಟಿಯಲ್ಲಿ ಮಂಡ್ಯದ ಪಾಲೂ ಉಂಟೆಂಬುದನ್ನು ಸಾಯಂಕಾಲ ಯಾವ ಬಡಾವಣೆಯಲ್ಲಿ ತಿರುಗಾಡಿದರೂ ತಿಳಿಯಬಹುದು.

ನನ್ನ ಮನೆಯೂ ಆ ಲೆಕ್ಕಕ್ಕೆ ಸೇರಿದ್ದಿತು. ಮೇಲಿನ ಅಂತಸ್ತನ್ನು ಮಗನಿಗೆಂದು ಕಟ್ಟಿಸಿದೆನು. ಮಗನು ಬೆಂಗಳೂರಿನಲ್ಲಿ ಮನೆ ಮಾಡಿದನು. ಹಬ್ಬಕ್ಕೆ ಬಂದರೆ ಒಂದು ರಾತ್ರಿ ಮೇಲೆ ಮಲಗುವನು. ಕೆಲವು ವರ್ಷಗಳ ಹಿಂದೆ ಮಳವಳ್ಳಿಯ ಕಡೆಯ ಒಬ್ಬ ತರುಣಿ, ಹೊಸದಾಗಿ ಉಪಾಧ್ಯಾಯಿನಿಯಾಗಿ ಬಂದವಳು, ತಾಯಿಯೊಡನೆ ಮನೆಯನ್ನು ನೋಡಲು ಬಂದಳು. ನಾನೂ ಉಪಾಧ್ಯಾಯನೆಂದು ತಿಳಿದು ಸಂತೋಷಪಟ್ಟಳು. ಬಾಡಿಗೆ, ಮುಂಗಡ ಎಲ್ಲವೂ ಒಪ್ಪಿಗೆಯಾಯಿತು. ಆಗ ನಾನು, "ತಾವು ಯಾವ ಜನವಮ್ಮ?" ಎಂದು ಕೇಳಿದೆನು. ಅವಳು ಅಳುಕದೆ ತನ್ನ ಜಾತಿಯನ್ನು ಹೇಳಿದಳು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗ ಬರುವ ಹಾಗಿದ್ದಾನೆ, ಈಗ ಕೊಡುವುದು ಕಷ್ಟ" ಎಂದೆನು. "ಆಗಲಿ ಮೇಷ್ಟ್ರೇ" ಎಂದಷ್ಟೇ ಹೇಳಿ ತಾಯಿಯ ಕೈಹಿಡಿದುಕೊಂಡು ಮೆಟ್ಟಲಿಳಿದಳು. ಮಗನು ಬರಲಿಲ್ಲ, ಮನೆಗೆ ಎರಡು ವರ್ಷ ಬೀಗವಿದ್ದಿತು. ಆ ಬೀಗವನ್ನು ನೋಡಿದಾಗಲೆಲ್ಲ ನನಗೆ ಆ ಮಾತು ಕೇಳಿಸುತ್ತಿದ್ದಿತು.

ಶಾಸ್ತ್ರವನ್ನು ಓದಿದವನಿಗೆ ಶಾಸ್ತ್ರದಲ್ಲಿ ಸಮಾಧಾನವನ್ನು ಹುಡುಕುವ ಚಾಳಿಯುಂಟು. ಅರ್ಥಶಾಸ್ತ್ರವನ್ನು ತೆಗೆದು ನೋಡಿದೆನು. ಬಾಡಿಗೆ ಕೊಟ್ಟಿರುವವನನ್ನು ಮನೆಯಿಂದ ಹೊರಡಿಸಿದ ಒಡೆಯನಿಗೆ 12 ಪಣಗಳ ದಂಡವೆಂದು ಅಲ್ಲಿ ಹೇಳಿ, ಕೆಲವು ಸಂದರ್ಭಗಳನ್ನು ಬಿಟ್ಟಿದೆ. ಬಾಡಿಗೆಗಾರನ ಪಾರುಷ್ಯ, ಕಳವು, ಸಾಹಸ, ಪರಸ್ತ್ರೀಸಂಗ್ರಹಣ, ಸುಳ್ಳು ಹಕ್ಕಿನಿಂದ ಅನುಭವಿಸುವುದು, ಇವೇ ಆ ಸಂದರ್ಭಗಳು. ಇವೆಲ್ಲವೂ ನಡತೆಯನ್ನು ಕುರಿತವುಗಳು. ಹುಟ್ಟನ್ನು ಕುರಿತದ್ದು ಒಂದೂ ಇಲ್ಲ. ಇದೇ ಗ್ರಂಥವು ದುರ್ಗನಿವೇಶದ ಪ್ರಕರಣದಲ್ಲಿ ವರ್ಣಾನುಸಾರವಾಗಿ ದಿಕ್ಕುಗಳನ್ನು ಹಂಚುವುದೆಂಬುದನ್ನೂ ನಾನು ಬಲ್ಲೆನು. ಮುಚ್ಚಿಟ್ಟರೆ ಪಾಂಡಿತ್ಯಕ್ಕೆ ದ್ರೋಹ. ಹಳೆಯ ಪುಸ್ತಕಗಳಲ್ಲಿ ಎರಡೂ ಬಗೆಯ ಮಾತುಗಳು ದೊರೆಯುವುವು. ಯಾವುದನ್ನು ಆರಿಸುವೆವೆಂಬುದು ನಮ್ಮ ಹೊಣೆ. ನಾನು ಆ ದಿನ ಆರಿಸಿದ್ದು ತಪ್ಪು. ಶಾಲೆಯಲ್ಲಿ ಮೂವತ್ತೈದು ವರ್ಷ ಎಲ್ಲ ಮಕ್ಕಳನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಸುಭಾಷಿತಗಳನ್ನು ಹೇಳಿಕೊಟ್ಟವನು, ಮನೆಯ ಮೆಟ್ಟಲ ಬಳಿ ಆ ಪಾಠದಲ್ಲಿ ತಾನೇ ಅನುತ್ತೀರ್ಣನಾದನು.

ಇದನ್ನು ನನ್ನ ಪಶ್ಚಾತ್ತಾಪದ ಪ್ರದರ್ಶನಕ್ಕಾಗಿ ಬರೆಯಲಿಲ್ಲ. ಮಂಡ್ಯದ ಮನೆಗಳ ಚರಿತ್ರೆಯಲ್ಲಿ ಇದೂ ಒಂದು ಅಧ್ಯಾಯವೆಂದು ಬರೆದೆನು. ಮೇಲೆ ಹೇಳಿದ ವೃತ್ತಾಂತವನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ ಒಂದು ವಿಷಯವು ಸ್ಪಷ್ಟವಾಗುವುದು. ಅಗ್ರಹಾರದವರು ದಾನವನ್ನು ಪಡೆದು ಬಂದರು. ವರ್ತಕರು ರೈಲನ್ನು ಹಿಡಿದು ಬಂದರು. ಕೂಲಿಕಾರರು ಕಬ್ಬಿನ ಹಿಂದೆ ಬಂದರು. ನೌಕರರು ಸರ್ಕಾರದ ಆಜ್ಞೆಯಿಂದ ಬಂದರು. ರೈತರು ಮಕ್ಕಳ ಓದಿಗಾಗಿ ಬಂದರು. ಈ ಪಟ್ಟಣದಲ್ಲಿ ಹೊರಗಿನಿಂದ ಬಾರದವರು ಬಹು ಕಡಮೆ. ಮೊದಲು ಬಂದವನು ತರುವಾಯ ಬಂದವನನ್ನು ಜಗಲಿಯಲ್ಲಿ ನಿಲ್ಲಿಸಿ ಕುಲಗೋತ್ರ ಕೇಳುವುದು, ಅವನೂ ಕಾಲಕ್ರಮದಲ್ಲಿ ಮನೆಯೊಡೆಯನಾಗಿ ಅದೇ ಪ್ರಶ್ನೆಯನ್ನು ಇನ್ನೊಬ್ಬನಿಗೆ ಕೇಳುವುದು, ಹೀಗೆ ನಡೆದುಬಂದಿದೆ. ಇಂದು ಬರುವವರು ಕಡಮೆಯಾಗಿ ಹೋಗುವವರು ಹೆಚ್ಚಾದ ಕಾಲ. ಮನೆಗಳು ಖಾಲಿಯಿರುವಾಗಲೂ ಮನೆ ದೊರೆಯದವರು ಊರಿನಲ್ಲಿರುವರೆಂದರೆ, ಕೊರತೆಯು ಇಟ್ಟಿಗೆಯದಲ್ಲ, ಸುಣ್ಣದ್ದೂ ಅಲ್ಲ.

ಕೊನೆಯದಾಗಿ ವಾಚಕರಲ್ಲಿ ಒಂದು ವಿಜ್ಞಾಪನೆ. ನಮ್ಮ ಪಟ್ಟಣದ ಹಳೆಯ ತೊಟ್ಟಿಮನೆಗಳೂ ವಠಾರಗಳೂ ದಿನೇದಿನೇ ಬೀಳುತ್ತಿವೆ. ತಮ್ಮ ಮನೆಯನ್ನು ಯಾರು ಯಾವ ವರ್ಷ ಕಟ್ಟಿಸಿದರು, ಯಾವ ಊರಿನಿಂದ ಬಂದವರು, ಯಾವ ಯಾವ ಸಂಸಾರಗಳು ಬಾಡಿಗೆಗೆ ಇದ್ದುವು, ಬಾಡಿಗೆ ಎಷ್ಟಿದ್ದಿತು, ಅವರೆಲ್ಲ ಎಲ್ಲಿಗೆ ಹೋದರು ಎಂಬುದನ್ನು ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆದಿಡಬೇಕು. ಹಳೆಯ ಕ್ರಯಪತ್ರ, ಕಂದಾಯದ ರಸೀದಿ, ಬಾಡಿಗೆಯ ಚೀಟಿಗಳನ್ನು ಒಲೆಗೆ ಹಾಕಬಾರದು. ಮುಂದೆ ಈ ಊರಿನ ಚರಿತ್ರೆಯನ್ನು ಬರೆಯತಕ್ಕವರಿಗೆ ಅವು ಶಾಸನಗಳಷ್ಟೇ ಬೆಲೆಯುಳ್ಳವಾಗುವುವು.

ನನ್ನ ಮನೆಯ ಹಾಳೆಯನ್ನು ನಾನು ಬರೆದಿಟ್ಟಿರುವೆನು. ಅದರಲ್ಲಿ ಆ ಉಪಾಧ್ಯಾಯಿನಿಗೆ ಮನೆಯನ್ನು ಕೊಡಲಿಲ್ಲವೆಂಬುದನ್ನೂ ಸೇರಿಸಿರುವೆನು. ಕಳೆದ ವರ್ಷ ಮೇಲಿನ ಮನೆಯನ್ನು ಕೇಳಿಕೊಂಡು ಆಸ್ಪತ್ರೆಯಲ್ಲಿ ಕೆಲಸಮಾಡುವ ಒಂದು ದಂಪತಿಗಳು ಬಂದರು. ಬಾಡಿಗೆ, ನೀರು ಬರುವ ವೇಳೆ, ಬೀಗದ ಕೈ, ಇಷ್ಟನ್ನು ಮಾತ್ರ ಮಾತನಾಡಿದೆವು. ಅವರ ಮಗುವು ಈಗ ಸಾಯಂಕಾಲ ನನ್ನ ಬಳಿ ಬಂದು ಕುಳಿತು ಅಕ್ಷರವನ್ನು ತಿದ್ದುವುದು. ಮೇಲೆ ದೀಪ ಉರಿಯುವುದನ್ನು ಕಂಡು ನನ್ನ ಗೃಹಿಣಿಯು, "ಈಗ ಇದು ಮನೆಯ ಹಾಗೆ ಕಾಣುತ್ತದೆ" ಎಂದು ಹೇಳುವಳು.